ಎಡದಾರಿಯ ಬೆಳಕು

“ಆ ದೋವಲೋ ಎಲುಗು ಉಂದಮ್ಮಾ,” ಎಂದು ಸೌದೆ ಹೊತ್ತ ಮುದುಕಿ ಎಡಗಡೆಯ ಕಾಲುದಾರಿಯತ್ತ ಕೈ ತೋರಿಸಿದಳು. ಮುಳಬಾಗಿಲ ಹತ್ತಿರದ ಬೆಟ್ಟದಲ್ಲಿ ದಾರಿ ಎರಡಾಗಿ ಒಡೆದಿತ್ತು. ಯುದ್ಧಕಾಲದ ಇದ್ದಿಲು ಬಸ್ಸಿನಲ್ಲಿ ಬುತ್ತಿ ಕಟ್ಟಿಕೊಂಡು ಬಂದಿದ್ದ ನಾನು, ಯಜಮಾನರು, ಐದು ವರ್ಷದ ಮಗಳು ಕಮಲು ಯಾವ ದಾರಿ ಸುಲಭವೆಂದು ಅವಳನ್ನೇ ಕೇಳಿದ್ದೆವು. ಮೈಸೂರಿನಿಂದ ವರ್ಗವಾಗಿ ಬಂದ ಆರು ತಿಂಗಳಲ್ಲಿ ಅರೆಬರೆ ತೆಲುಗು ಕಲಿತಿದ್ದ ನಾನು ಗತ್ತಿನಿಂದ ತಲೆಯಾಡಿಸಿದೆ. ನನ್ನ ಕಿವಿಗೆ ಬಿದ್ದದ್ದು ವೆಲುಗು. ವೆಲುಗು ಎಂದರೆ ಬೆಳಕು, ಅಷ್ಟೂ ಗೊತ್ತಿಲ್ಲವೇ?

“ಆ ಕಡೆ ಬೆಳಕಿದೆಯಂತೆ ಕಣ್ರೀ, ಮಗೂಗೆ ಅದೇ ವಾಸಿ,” ಎಂದೆ.

ಕಮಲು ಮುಂದೆ ಓಡಿದಳು. ತಿರುವಿನಲ್ಲಿ, ಸೀತಾಫಲದ ಗಿಡದಡಿ, ನಾನು ಕರಿಯ ಗುಂಡುಕಲ್ಲು ಎಂದುಕೊಂಡದ್ದು ಮೂತಿ ತಿರುಗಿಸಿತು. ಕರಡಿ! ಅದಕ್ಕೂ ಮಗುವಿಗೂ ನಡುವೆ ನಾಲ್ಕು ಮಾರು ಕೂಡ ಇರಲಿಲ್ಲ. ಯಜಮಾನರ ಕೈಯಿಂದ ಬುತ್ತಿ ಜಾರಿತು.

ನಾವು ಎಡಕ್ಕೆ ತಿರುಗಿದ್ದನ್ನು ಕಂಡ ಮುದುಕಿ ಸೌದೆ ಎಸೆದು ಹಿಂದೆಯೇ ಓಡಿ ಬಂದಿದ್ದಳು. ಕಮಲುವನ್ನು ಬೆನ್ನ ಹಿಂದಕ್ಕೆ ಎಳೆದುಕೊಂಡು, ಕುಡುಗೋಲನ್ನು ಬಂಡೆಗೆ ಬಡಿಯುತ್ತಾ ಅರಚಿದಳು. ಕರಡಿ ಎದ್ದು ನಿಂತು ನಮ್ಮನ್ನೇ ನೋಡಿತು. ಆಮೇಲೆ ನಿಧಾನವಾಗಿ ಪೊದೆಯೊಳಗೆ ಇಳಿಯಿತು.

“ಎಲುಗು ಅಂಟೇ ಕರಡಿ! ಹೇಳ್ದೆ ಕದಮ್ಮಾ, ನೀನು ತಲೆ ಆಡಿಸ್ದೆ ಕದಾ!” ಎಂದಳು ಮುದುಕಿ.

ಈಗ ನನಗೆ ತೆಲುಗು ಸಲೀಸು. ಆದರೂ ಯಾರಾದರೂ ದಾರಿ ಹೇಳುವಾಗ ನನ್ನ ಕತ್ತು ಬಿಗಿಯುತ್ತದೆ. ಎರಡು ಸಲ ಹೇಳಿಸಿಕೊಳ್ಳುವವರೆಗೂ ಅದು ಅಲ್ಲಾಡುವುದಿಲ್ಲ.