ನಮ್ಮ ಬಿಳಿ ಕಾರಿನ ಮಿಸ್ತ್ರಿ ಚಾಚಾ

ಅವರ ಬಲಗಿವಿಯ ಮೇಲೆ ಯಾವಾಗಲೂ ರೂಪಾಯಿಯಗಲದ ಗ್ರೀಸಿನ ಕಲೆ ಇರುತ್ತಿತ್ತು. ಮೊಳದುದ್ದದ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ತಾಗಿಸಿ, ಹಿಡಿಯನ್ನು ಕಿವಿಗೊತ್ತಿಕೊಂಡು, ಕಣ್ಣು ಮುಚ್ಚಿ ನಿಲ್ಲುವುದು ಅವರ ಪದ್ಧತಿ. ಆಗ ಯಾರೂ ಪಿಟ್ಟೆನ್ನುವಂತಿಲ್ಲ. ಒಮ್ಮೆ ನನ್ನ ಬಳೆ ಸದ್ದಾಗಿದ್ದಕ್ಕೆ, "ಯವ್ವಾ, ನಿನ್ನ ಬಳಿ ಚಲೋ ಅದಾವ. ಆದ್ರ ಈಗ ಗಾಡಿ ಮಾತಾಡಾಕತ್ತೈತಿ" ಅಂದಿದ್ದರು.

ಕೊಟ್ಟೂರಿನಲ್ಲಿ ಕೂಡ್ಲಿಗಿ ರಸ್ತೆಯ ಪಕ್ಕದ ತಗಡಿನ ಗ್ಯಾರೇಜು ಅವರದು. ಊರಿಗೆಲ್ಲ ಮಿಸ್ತ್ರಿ, ನನಗೆ ಚಾಚಾ.

ನಾನು ಕಾರು ಓಡಿಸಲು ಕಲಿತದ್ದು ನಲವತ್ತು ದಾಟಿದ ಮೇಲೆ. ಕೋಗಳಿಯಲ್ಲಿರುವ ನನ್ನಕ್ಕನಿಗೆ ಕಿಡ್ನಿ ಕೈಕೊಟ್ಟಿತ್ತು; ವಾರಕ್ಕೆರಡು ಸಲ ಹಗರಿಬೊಮ್ಮನಹಳ್ಳಿಯ ಆಸ್ಪತ್ರೆಗೆ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು. ಆಟೋದ ಕುಲುಕಾಟಕ್ಕೆ ಅವಳ ಜೀವ ಹೋಗಿ ಬರುತ್ತಿತ್ತು. ದೇವರ ದಯೆ, ಮನೆಯಲ್ಲೊಂದು ಹಳೆಯ ಬಿಳಿ ಕಾರಿತ್ತು.

ಆದರೆ ಆ ಕಾರಿಗೊಂದು ರೋಗ ಅಂಟಿಕೊಂಡಿತು. ಬೆಳಗಿನ ತಂಪಿನಲ್ಲಿ ಹೂವಿನಂತೆ ಓಡುವುದು. ಬಿಸಿಲೇರಿ ಇಂಜಿನ್ ಕಾದರೆ ಕೆಮ್ಮಿ ಕೆಮ್ಮಿ ನಿಂತುಬಿಡುವುದು. ಸ್ವಲ್ಪ ಆರಿದರೆ ಏನೂ ಆಗಿಲ್ಲವೆಂಬಂತೆ ಮತ್ತೆ ಚಾಲೂ! ಒಂದು ಮಧ್ಯಾಹ್ನ ಡಯಾಲಿಸಿಸ್ ಮುಗಿಸಿ ಬರುವಾಗ ನಡುದಾರಿಯಲ್ಲೇ ನಿಂತಿತು. ಹಿಂದಿನ ಸೀಟಿನಲ್ಲಿ ಸೋತು ಮಲಗಿದ್ದ ಅಕ್ಕನಿಗೆ ಸೆರಗಿನಿಂದ ಗಾಳಿ ಹಾಕುತ್ತ ಕೂತೆ. ಅವಳು ನೀರನ್ನೂ ಮನಸಾರೆ ಕುಡಿಯುವಂತಿಲ್ಲ.

"ಸಾಕಿನ್ನ, ಗುಜರಿಗೆ ಹಾಕೂಣು" ಎಂದರು ನಮ್ಮನೆಯವರು. ಮುಂದಿನ ಡಯಾಲಿಸಿಸ್ ದಿನದವರೆಗೆ ತಡೆಯಿರಿ ಎಂದು ಬೇಡಿಕೊಂಡೆ.

ಚಾಚಾ ಇಂಜಿನ್ನೊಳಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರುಗಳನ್ನು ಬಿಚ್ಚಿ ತೊಳೆದರು, ಫಿಲ್ಟರ್ ಬದಲಿಸಿದರು. ಕಾರು ಮತ್ತೆ ನಿಂತಿತು! ಅವರಿಗೆ ಸಿಟ್ಟಲ್ಲ, ಹುರುಪು ಬಂತು.

"ತಂಪಿದ್ದಾಗ ಇದು ಸುಳ್ಳು ಹೇಳ್ತೈತಿ. ಬಿಸಿ ಇದ್ದಾಗ ಹಿಡೀಬೇಕು. ನಡಿ ಯವ್ವಾ, ನೀನ ಓಡ್ಸು."

"ನಾನ್ಯಾಕ್ರಿ ಚಾಚಾ?"

"ನಿನ್ನ ಕೈಯಾಗ ನಿಲ್ತೈತಲ್ಲ! ನಾ ಓಡ್ಸಿದ್ರ ಅಂಜಿ ಓಡತೈತಿ."

ಅವರು ಪಕ್ಕದಲ್ಲಿ, ಹಿಂದೆ ಜಪ ಮಾಡುತ್ತ ನಮ್ಮತ್ತೆ. ಸುಡುವ ಮಧ್ಯಾಹ್ನದಲ್ಲಿ ಕೂಡ್ಲಿಗಿ ಕಡೆ ಹೊರಟೆವು. ಕಾರು ನಿಲ್ಲಲಿ ಎಂದು ದೇವರನ್ನು ಬೇಡಿಕೊಂಡದ್ದು ಅದೊಂದೇ ದಿನ. ಕೆಮ್ಮಿತು, ನಿಂತಿತು! ಚಾಚಾ ಹುಡುಗರಂತೆ ಜಿಗಿದು ಬಾನೆಟ್ ಎತ್ತಿ, ಸ್ಕ್ರೂಡ್ರೈವರನ್ನು ಕಿವಿಗೊತ್ತಿದರು.

"ತಿರುಗ್ಸು ಚಾವಿ! ಇಂಜೆಕ್ಟರಿನ ಟಿಕ್ ಟಿಕ್ ಇಲ್ಲ! ಪೆಟ್ರೋಲು ಬಾಗಲಕ್ಕ ಬಂದು ನಿಂತೈತಿ, ಬಾಗಲಾ ತೆಗಿ ಅನ್ನೋ ಕರೆಂಟ ಬರವಲ್ದು!"

ವೈರುಗಳ ಮೇಲೆ ಬೆರಳಾಡಿಸುತ್ತ ಹೋಗಿ, ಅವು ಕೂಡುವ ಒಂದು ಪ್ಲಗ್ಗನ್ನು ಒತ್ತಿ ಹಿಡಿದರು. "ಈಗ ತಿರುಗ್ಸು!"

ಕಾರು ಚಾಲೂ ಆಯಿತು! "ಯಪ್ಪಾ, ಬಸವೇಶ್ವರಾ!" ಎಂದು ಕೂಗಿದೆ.

"ಅವನ್ನ ಆಮ್ಯಾಲೆ ಕರಿಯವ್ವಾ! ಮೊದಲ ಬಂದ್ ಮಾಡು, ಕೈ ಸುಡಾಕತ್ತೈತಿ!"

ಪ್ಲಗ್ಗಿನೊಳಗೆ ಹಸಿರುಗಟ್ಟಿದ ಕಿಲುಬು. ಅದರ ಸಂದಿಯಲ್ಲೊಂದು ತೆಂಗಿನ ನಾರು. ಅದು ಎಲ್ಲಿಂದ ಬಂತೆಂದು ನನಗೆ ತಕ್ಷಣ ಹೊಳೆಯಿತು. ಪ್ರತಿ ಅಮಾವಾಸ್ಯೆ ಅತ್ತೆ ಬಾನೆಟ್ ತೆಗೆಸಿ ಪೂಜೆ ಮಾಡಿ, ಕಾಯಿ ಒಡೆದು, "ಗಾಡಿ ಹೊಟ್ಟಿ ತಂಪಾಗ್ಲಿ" ಎಂದು ಆ ನೀರನ್ನು ಇಂಜಿನ್ ಮೇಲೆಯೇ ಸುರಿಯುತ್ತಿದ್ದರು. ಆ ನೀರಿಳಿದು ಕಿಲುಬು ಹಿಡಿದ ಪಿನ್ನುಗಳು ಬಿಸಿಗೆ ಒಂದನ್ನೊಂದು ಬಿಡುತ್ತಿದ್ದವು, ಆರಿದಾಗ ಮತ್ತೆ ಕೂಡುತ್ತಿದ್ದವು. ಮನೆಯವರಿಗೆ ತಿಳಿದರೆ ಮುದುಕಿಯನ್ನು ಬಾಯಿಗೆ ಬಂದಂತೆ ಬೈಯುತ್ತಿದ್ದರು. ಮಾಡಿದ ಪೂಜೆಯೇ ಮೊಮ್ಮಕ್ಕಳೆದುರು ನಗೆಪಾಟಲಾಗುತ್ತಿತ್ತು.

ಚಾಚಾ ನಾರನ್ನು ಮೆಲ್ಲಗೆ ಪ್ಯಾಂಟಿಗೆ ಒರೆಸಿಕೊಂಡರು.

"ಅಮ್ಮಾರ, ಅಮಾಸಿ ಪೂಜಾ ನೀವ ಮಾಡ್ತೀರೇನ್ರಿ?"

"ಹೂನಪ್ಪಾ. ಒಂದ ಅಮಾಸಿ ಬಿಟ್ಟಿಲ್ಲ."

"ಇಂಜಿನ್ನಿಗೆ ಯಾಕ್ರಿ? ಅದು ಪೆಟಿಗ್ಯಾಗ ಆರಾಮ ಕೂತಿರತೈತಿ. ಕಲ್ಲು ಮುಳ್ಳು ತುಳಿಯೋದು ಗಾಲಿ. ಕಾಯಿನೀರು ಅದಕ್ಕ ಹಾಕ್ರಿ, ಪುಣ್ಯಾ ಬರ್ತೈತಿ."

ಅತ್ತೆ ಗಲ್ಲದ ಮೇಲೆ ಬೆರಳಿಟ್ಟುಕೊಂಡರು. "ಖರೇ ಐತಿ ನೋಡವ್ವಾ. ಪಾಪ, ಗಾಲೀನ ಮರ್ತಬಿಟ್ಟಿದ್ವಿ!"

ನಾನು ಸೆರಗನ್ನು ಬಾಯಿಗಿಟ್ಟುಕೊಂಡು ನಕ್ಕೆ. ಮನೆಯವರಿಗೆ ಚಾಚಾ ಹೇಳಿದ್ದಿಷ್ಟೇ: "ಪ್ಲಗ್ಗಿನಾಗ ಕಿಲುಬು ಹಿಡಿದಿತ್ರಿ, ಹೊಸಾದು ಹಾಕೇನಿ." ಇಂದಿಗೂ ನಮ್ಮ ಅಮಾವಾಸ್ಯೆಯ ಕಾಯಿನೀರು ಗಾಲಿಗೇ.

ಅಷ್ಟಕ್ಕೇ ಬಿಡಲಿಲ್ಲ ಅವರು. ಡಯಾಲಿಸಿಸ್ ದಿನ ಸ್ಕ್ರೂಡ್ರೈವರ್ ಹಿಡಿದುಕೊಂಡು ತಾವೇ ಬಂದು ಕೂತರು. ಆಗ ರಂಜಾನಿನ ಉಪವಾಸ. ತೊಟ್ಟು ನೀರಿಲ್ಲದೆ ಆಸ್ಪತ್ರೆಯ ಬೇವಿನ ನೆರಳಲ್ಲಿ ಕಾದರು. "ಈಕೆಗೂ ನನಗೂ ಒಂದ ಪಥ್ಯ" ಎಂದು ಅಕ್ಕನನ್ನು ನಗಿಸಿದರು. ಮರಳುವಾಗ ರಸ್ತೆ ಕಾದ ಹಂಚಾಗಿತ್ತು. ಕಾರು ಒಮ್ಮೆಯೂ ಕೆಮ್ಮಲಿಲ್ಲ! ಕೋಗಳಿ ಮುಟ್ಟುವವರೆಗೆ ನನ್ನ ಕಿವಿ ಇಂಜಿನ್ನಿನ ಮೇಲೆಯೇ ಇತ್ತು. ಗುಜರಿಯ ಮಾತು ನಮ್ಮ ಮನೆಯಲ್ಲಿ ಮತ್ತೆ ಬರಲಿಲ್ಲ.

ಹೋದ ಚಳಿಗಾಲದಲ್ಲಿ ಚಾಚಾ ತೀರಿಕೊಂಡರು. ಸುದ್ದಿ ಬಂದಾಗ ನಾನು ಕೋಗಳಿಯಲ್ಲಿದ್ದೆ. ಡಯಾಲಿಸಿಸ್‌ಗೆ ಹೊರಡಲು ಅಕ್ಕ ಕಾರಿನೊಳಗೆ ಕೂತಾಗಿತ್ತು, ಇಂಜಿನ್ ಓಡುತ್ತಿತ್ತು. ಫೋನಿಟ್ಟು, ಅಳುತ್ತ ಚಾವಿಗೆ ಕೈ ಹಾಕಿದೆ. ಅಕ್ಕ ನನ್ನ ಕೈ ಹಿಡಿದುಕೊಂಡಳು.

"ಬಂದ್ ಮಾಡಬ್ಯಾಡ. ಇದು ದಾರ್‍ಯಾಗ ನಿಲ್ಲಬಾರ್ದು ಅಂತ ಉಪಾಸ ಇದ್ದು ಒದ್ದಾಡ್ಯಾನ ಆ ಪುಣ್ಯಾತ್ಮ. ಅಳ್ಕೋಂತನ ಓಡ್ಸು. ನಡಿ."

ಗೇರ್ ಹಾಕಿದೆ.