ಅದಕ್ಕೂ ಮುಂಚೆ ಅಂಗಡಿ ಯಾರದು?

ಚನ್ನಪಟ್ಟಣದ ಹೈಸ್ಕೂಲಿನಲ್ಲಿ ನಾನು ಪಾಠ ಮಾಡುತ್ತಿದ್ದಾಗ ಅಕ್ಕೂರಿನಿಂದ ಒಬ್ಬ ಹುಡುಗಿ ಬರುತ್ತಿದ್ದಳು. ಯಾರು ಏನೇ ಹೇಳಲಿ, ಜಡೆಯ ತುದಿ ಹಿಡಿದುಕೊಂಡು, ಕಣ್ಣು ಕಿರಿದು ಮಾಡಿ, "ಅದ್ಕೂ ಮುಂಚೆ ಸಾ?" ಎನ್ನುತ್ತಿದ್ದಳು.

ಉದ್ಯಮಿಗಳು ಗೆಲ್ಲುವುದು ಹೇಗೆಂದು ಹತ್ತನೇ ತರಗತಿಯವರಿಗೆ ಹೇಳಲು ಒಮ್ಮೆ ಬೊಂಬೆ ಕಾರ್ಖಾನೆಯ ಮಾಲೀಕರೊಬ್ಬರನ್ನು ಕರೆಸಿದ್ದೆವು. ಶಾಲೆಗೆ ಕಂಪ್ಯೂಟರ್ ಕೊಡಿಸುವ ಮಾತನ್ನೂ ಅವರು ಆಡಿದ್ದರು.

"ಬರಿಗೈಲಿ ಶುರು ಮಾಡ್ದೆ. ಛಲ ಒಂದಿದ್ರೆ ಸಾಕು," ಎಂದರು.

ಅವಳು ಎದ್ದು ನಿಂತಳು. "ಮೊದಲ್ನೇ ಬೊಂಬೆ ಎಲ್ಲಿ ಮಾರುದ್ರಿ ಸಾ?"

"ಹೈವೇಲಿ, ನನ್ನ ಸ್ವಂತ ಅಂಗಡೀಲಿ."

"ಅದ್ಕೂ ಮುಂಚೆ ಸಾ? ಆ ಅಂಗಡಿ ಯಾರ್ದು?"

ಹೆಡ್‌ಮಾಸ್ಟರು ನನ್ನನ್ನು ದುರುಗುಟ್ಟಿ ನೋಡಿದರು. ಕಂಪ್ಯೂಟರ್ ಕೈತಪ್ಪಿತು ಎಂದುಕೊಂಡೆ. ಮಾಲೀಕರು ಒಂದು ಗುಟುಕು ನೀರು ಕುಡಿದರು.

"ಹೆಣ್ಣು ಕೊಟ್ಟ ಮಾವಂದು."

ಅಲ್ಲಿಂದ ಅವರ ಮಾತಿನ ಧಾಟಿಯೇ ಬೇರೆಯಾಯಿತು. ಮಾವ ಅಂಗಡಿ ಬಿಟ್ಟುಕೊಟ್ಟದ್ದು, ಹೆಂಡತಿ ಮನೆಯಲ್ಲೇ ಬೊಂಬೆಗಳಿಗೆ ಅರಗಿನ ಬಣ್ಣ ಹಚ್ಚಿದ್ದು, ಎಲ್ಲವನ್ನೂ ಹೇಳಿದರು. ಮುಗಿಯುವವರೆಗೂ ಅವಳು ಕೂರಲಿಲ್ಲ.

ಹೊರಡುವಾಗ ಅವಳನ್ನು ಹತ್ತಿರ ಕರೆದು, "ರಜೇಲಿ ಕಾರ್ಖಾನೆಗೆ ಬಾರವ್ವ, ಎಲ್ಲಾ ತೋರಿಸ್ತೀನಿ," ಎಂದರು.

ಅವಳು ಅವರನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮವ್ವನ್ನೂ ಕರ್ಕೊಂಡ್ ಬತ್ತೀನಿ ಸಾ," ಎಂದಳು.