ವಾರಕ್ಕೊಂದು ತಾಸಿನ ಕೆಲಸ

ಬೆಳಗಿನ ಆರೂವರೆ. ನವಲಗುಂದದ ಓಣಿಯೊಂದರಲ್ಲಿ ಶೈಲಶ್ರೀ ಬಾಗಿಲ ಚಿಲಕ ಬಡಿಯುತ್ತಾರೆ. ಹೆಗಲಿಗೆ ಚೀಲ, ಕೈಯಲ್ಲಿ ಟ್ಯಾಬ್. ಅಣ್ಣಿಗೇರಿಯಿಂದ ಮೊದಲ ಬಸ್ಸಿಗೆ ಬಂದಿದ್ದಾರೆ; ವರದಿಗೆಂದು ನಾನೂ ಜೊತೆಗಿದ್ದೇನೆ. ಏಳಕ್ಕೆ ಕೂಲಿಯವರನ್ನು ಒಯ್ಯುವ ಟಂಟಂ ಆಟೊ ಬಂತೆಂದರೆ ಓಣಿಯ ಹೆಂಗಸರೆಲ್ಲ ಮೆಣಸಿನಕಾಯಿ ಬಿಡಿಸಲು ಹೊರಟುಬಿಡುತ್ತಾರೆ. ಆಮೇಲೆ ಬೀಗಗಳನ್ನೇ ಪ್ರಶ್ನೆ ಕೇಳಬೇಕು.

ದೇಶದಲ್ಲಿ ಎಷ್ಟು ಜನರಿಗೆ ಕೆಲಸವಿದೆ, ಎಷ್ಟು ತಾಸು ದುಡಿಯುತ್ತಾರೆ, ಎಷ್ಟು ಮಂದಿ ಕೆಲಸವಿಲ್ಲದೆ ಕೂತಿದ್ದಾರೆ ಎಂಬ ಅಂಕಿಗಳು ಪತ್ರಿಕೆಯಲ್ಲಿ ಬಂದಾಗ ನಾವು ಪುಟ ತಿರುಗಿಸುತ್ತೇವೆ. ಆ ಅಂಕಿಗಳು ಹುಟ್ಟುವುದು ಇಂಥ ಓಣಿಯ ಮನೆಕಟ್ಟೆಗಳ ಮೇಲೆ. ಏಳು ವರ್ಷಗಳಿಂದ ಗುತ್ತಿಗೆಯ ಮೇಲೆ ಈ ಸಮೀಕ್ಷೆ ಮಾಡುತ್ತಿರುವ ಶೈಲಶ್ರೀ ದಿನಕ್ಕೆ ಆರೇಳು ಮನೆ ಮುಗಿಸುತ್ತಾರೆ. ನಾಯಿ ಎರಡು ಸಲ ಕಚ್ಚಿದೆ. ರೇಷನ್ ಕಾರ್ಡ್ ಕಿತ್ತುಕೊಳ್ಳಲು ಬಂದವಳೆಂದು ಬೈಸಿಕೊಂಡದ್ದಕ್ಕಂತೂ ಲೆಕ್ಕವಿಲ್ಲ. “ಕೆಲಸ ಐತೇನ್ರಿ ಅಂತ ಊರ ತುಂಬ ಕೇಳ್ತೇನಿ. ನನ್ನ ಕೆಲಸ ಬರೋ ವರ್ಷ ಇರತೈತೋ ಇಲ್ಲೋ, ನನಗ ಗೊತ್ತಿಲ್ರಿ” ಎಂದು ನಗುತ್ತಾರೆ.

ಜನರ ಉತ್ತರವನ್ನು ಹಾಗೇ ನಂಬುವಂತಿಲ್ಲ. “ಏನ್ ಕೆಲಸ ಮಾಡ್ತೀರಿ ಅಂದ್ರ, ಏನಿಲ್ರಿ, ಮನ್ಯಾಗ ಇರ್ತೇವಿ ಅಂತಾರ. ಕೈ ನೋಡಿದ್ರ ಹತ್ತಿ ಬಿಡಿಸಿ ಬಿಡಿಸಿ ಗೀರಾಗಿರ್ತಾವ.”

ಈ ಮನೆಯಲ್ಲಿ ಮಾತ್ರ ಶೈಲಶ್ರೀ ಮೋಸಹೋದದ್ದು ಉಲ್ಟಾ. ಬಾಗಿಲು ತೆರೆದವರು ಮರಿಯಮಬಿ, ಜಮಖಾನ ನೇಯುವವರು, ಅರವತ್ತರ ಹತ್ತಿರದ ವಿಧವೆ. ಮೂರು ತಿಂಗಳಿಗೊಮ್ಮೆಯಂತೆ ಇದು ಇಲ್ಲಿಗೆ ನಾಲ್ಕನೆಯ, ಕೊನೆಯ ಭೇಟಿ. ಕಳೆದ ಏಳು ದಿನಗಳಲ್ಲಿ ಕೂಲಿಗೋ ಮಾರಾಟಕ್ಕೋ ಒಂದು ತಾಸಾದರೂ ದುಡಿದಿದ್ದರೆ ಕೆಲಸವಿದೆ ಎಂದು ಬರೆಯುವುದು ನಿಯಮ. ಮರಿಯಮಬಿ ಪ್ರತಿ ಸಲವೂ “ಶುಕ್ರವಾರ ಒಂದ್ ತಾಸ ಮಗ್ಗಕ್ಕ ಕುಂತಿದ್ದೆ” ಎಂದರು. ಮೂರು ಸಲವೂ ಶೈಲಶ್ರೀ ಹಾಗೇ ಬರೆದು ಕಳಿಸಿದರು.

ಆಮೇಲೊಂದು ಶನಿವಾರ ಪಕ್ಕದ ಮನೆಗೆ ಬಂದ ಶೈಲಶ್ರೀ ಇಲ್ಲಿ ಇಣುಕಿದರೆ, ಮರಿಯಮಬಿ ನೇಯ್ದದ್ದನ್ನೇ ಬಿಚ್ಚುತ್ತ ಕೂತಿದ್ದರು. ಶುಕ್ರವಾರ ಮಗ್ಗವನ್ನು ಉಪವಾಸ ಕೆಡವಬಾರದೆಂದು ಅವರ ಅತ್ತೆ ಹೇಳಿಹೋದ ಮಾತು. ವರ್ಷದಿಂದ ಬೇಡಿಕೆಯಿಲ್ಲ, ಹೊಸ ನೂಲಿಲ್ಲ. ಅದೇ ನೂಲು ಮುಂದಿನ ಶುಕ್ರವಾರಕ್ಕೂ ಬೇಕು. ಕಳಿಸಿದ ವಿವರ ತಿದ್ದಲು ಬರುವುದಿಲ್ಲ.

ಇಂದೂ ಅದೇ ಉತ್ತರ. “ಒಂದ್ ತಾಸ. ಬರ್ಕೋ ಬೇಟಿ.”

“ಚಾಚಿ, ನೇಯ್ದದ್ದು ಏನ್ ಮಾಡಿದ್ರಿ?” ಈ ಪ್ರಶ್ನೆ ಟ್ಯಾಬಿನಲ್ಲಿಲ್ಲ. ಈಗ ಎಲ್ಲ ಮನೆಯಲ್ಲೂ ಇದನ್ನು ತಾವಾಗಿ ಕೇಳುತ್ತಾರೆ.

ಮರಿಯಮಬಿ ಸೆರಗು ಸರಿಮಾಡಿಕೊಳ್ಳುತ್ತಾರೆ. “ಬಿಚ್ಚಿದೆ.”

“ಹಂಗಾರ ಕೆಲಸ ಇಲ್ಲ ಅಂತ ಬರೀಬೇಕಾಗತೈತ್ರಿ.”

“ಬ್ಯಾಡ, ಬೇಟಿ. ನಲವತ್ತ ವರ್ಷ ನೇಯ್ದಾಕಿ ನಾನು. ಸರಕಾರದ ಕಾಗದದಾಗರ ನೇಕಾರಕಿ ಅಂತ ಇರ್ಲಿ.” ಅವರ ಕಣ್ಣು ತುಂಬಿ ಬರುತ್ತದೆ. ನನಗೆ ಅಲ್ಲಿಂದ ಎದ್ದುಹೋಗಬೇಕೆನಿಸುತ್ತದೆ. ಶೈಲಶ್ರೀಯ ಬೆರಳು ಪರದೆಯ ಮೇಲೆ ತಡೆದು ನಿಲ್ಲುತ್ತದೆ. ಕೊನೆಗೆ ಮುಂದಿನ ಪ್ರಶ್ನೆಯನ್ನು ಮೆಲ್ಲಗೆ ಕೇಳುತ್ತಾರೆ: “ಕೆಲಸ ಕೊಟ್ರ ಮಾಡ್ತೀರೇನ್ರಿ, ಚಾಚಿ?”

“ನೂಲ ತಾ, ಈಗ ಕುಂದರ್ತೇನಿ!”

ಶೈಲಶ್ರೀ ಬರೆಯುತ್ತಾರೆ: ಕೆಲಸವಿಲ್ಲ, ದುಡಿಯಲು ಸಿದ್ಧ. ಮರಿಯಮಬಿ ಇಂದು ಚಹಾ ಕುಡಿದು ಹೋಗು ಎನ್ನುವುದಿಲ್ಲ.

ಓಣಿಯ ತುದಿಯವರೆಗೆ ಇಬ್ಬರೂ ನಡೆದು ಬರುತ್ತೇವೆ. “ಖರೇ ಬರದು ಒಬ್ಬರ ಕಣ್ಣಾಗ ನೀರ ತರಿಸಿದೆನ್ರಿ” ಎನ್ನುತ್ತಾರೆ ಶೈಲಶ್ರೀ. “ಇದರಿಂದ ನೂಲ ಬರತೈತಿ ಅಂತ ನಾ ಹೇಳಂಗಿಲ್ಲ. ಆದ್ರ ಕೆಲಸ ಇಲ್ಲದವರು ಇಷ್ಟ ಮಂದಿ ಅಂತ ದಿಲ್ಲ್ಯಾಗ ಯಾರರ ಓದ್ತಾರಲ್ರಿ, ಮೂರ ಸಲ ಅದರಾಗ ಚಾಚಿ ಇರ್ಲಿಲ್ಲ. ಈ ಸಲ ಅದಾರ್ರಿ.”